ಲಾಡಿ, ಲುಗಡೆ, ಲೈಕ್ರಾ

ಪ್ರಶ್ನೆ: ನಮ್ಮದು ಧಾರವಾಡದ ಕಡೆಯ ಮನೆತನ. ಮದುವೆಯಾದ ಮೇಲೆ ನಾಗಪುರವೇ ಊರಾಯಿತು. ನಮ್ಮ ಅತ್ತೆಯವರು ಕೊನೆತನಕ ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿಯೇ ಉಟ್ಟರು. ನಾನು ಲಂಗದ ಮೇಲೆ ಆರು ಗಜದ ಸೀರೆ ಉಡುವವಳು. ಈಗ ಸೊಸೆ ಲಂಗವನ್ನೂ ಬಿಟ್ಟು, ಮೈಗೆ ಅಂಟಿದ ಹಾಗಿರುವ ಶೇಪ್‌ವೇರ್ ಹಾಕಿಕೊಂಡು ಅದರ ಮೇಲೆ ಸೀರೆ ಉಡುತ್ತಾಳೆ. ಕೇಳಿದರೆ "ಇದರಲ್ಲೇ ಆರಾಮ" ಅನ್ನುತ್ತಾಳೆ. ನನಗೆ ನೋಡಿದರೇ ಉಸಿರು ಕಟ್ಟಿದ ಹಾಗಾಗುತ್ತದೆ. ಇಂಗ್ಲಿಷ್ ಸಿನಿಮಾಗಳಲ್ಲಿ ಹಿಂದೆ ನಿಂತು ದಾರ ಎಳೆದು ಬಿಗಿಯುತ್ತಾರಲ್ಲ, ಅದೇ ಹೊಸ ವೇಷದಲ್ಲಿ ಬಂದಿದೆಯೇ? ನಮ್ಮಲ್ಲಿ ಇಂಥದ್ದು ಎಂದೂ ಇರಲಿಲ್ಲವಲ್ಲ? ಈ ಊರಿನ ಬೇಸಗೆಗೆ ಇದು ಒಳ್ಳೆಯದೇ?
— ಓದುಗರೊಬ್ಬರು, ನಾಗಪುರ

ಉತ್ತರ: ಸಂಕೋಚ ಬಿಟ್ಟು ಕೇಳಿದ್ದಕ್ಕೆ ಮೊದಲು ನಿಮಗೆ ವಂದನೆ. ಒಳಉಡುಪಿನ ಮಾತು ಬಂದೊಡನೆ ದನಿ ತಗ್ಗಿಸುವ ರೂಢಿ ನಮ್ಮಲ್ಲಿದೆ. ಬೆಳಗಿನಿಂದ ರಾತ್ರಿಯವರೆಗೆ ಮೈಗೆ ತಾಗಿಕೊಂಡಿರುವ ಬಟ್ಟೆಯ ಬಗ್ಗೆ ಸಂದೇಹ ಬರುವುದು ಸಹಜ, ಕೇಳುವುದು ಮರ್ಯಾದೆಯ ಮಾತೇ.

ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳು ಹೆಣೆದುಕೊಂಡಿವೆ. ನಮ್ಮಲ್ಲಿ ಇಂಥ ಉಡುಪು ಇತ್ತೇ ಎಂಬುದು ಒಂದು. ಇದು ದಾರ ಎಳೆದು ಬಿಗಿಯುವ ಯುರೋಪಿನ ಹಳೆಯ ಒಳಕುಪ್ಪಸ, ಕಾರ್ಸೆಟ್ಟೇ ಹೌದೇ ಎಂಬುದು ಎರಡನೆಯದು. ನಾಗಪುರದ ಬಿಸಿಲಿಗೆ ಸರಿಯೇ ಎಂಬುದು ಮೂರನೆಯದು. ಬಿಡಿಸಿಕೊಂಡು ಒಂದೊಂದಾಗಿ ನೋಡೋಣ. ನಡುವೆ ನಿಮ್ಮ ನೆರೆಯ ವರ್ಧಾದಿಂದ ಬಂದ ಒಂದು ವೈದ್ಯಕೀಯ ವರದಿಯ ವಿಷಯ ಬರುತ್ತದೆ. ಸೊಸೆಯ ಬಟ್ಟೆಯ ಬಗ್ಗೆ ಕೇಳಿದ ನಿಮಗೆ ಅದು ಸ್ವಲ್ಪ ಅಚ್ಚರಿ ತರಬಹುದು.

ಮೊದಲನೆಯ ಸಂದೇಹ. ಮೈಯನ್ನು ಎತ್ತಿ ಹಿಡಿಯುವ, ಬಿಗಿದು ಕಟ್ಟುವ ಬಟ್ಟೆ ನಮ್ಮಲ್ಲಿ ಇರಲಿಲ್ಲ ಎನ್ನುವಂತಿಲ್ಲ. ದಕ್ಷಿಣ ಭಾರತದ ಕಂಚಿನ ವಿಗ್ರಹಗಳಲ್ಲಿ ವಿಷ್ಣುವಿನ ಎರಡು ಪಕ್ಕದಲ್ಲಿ ನಿಂತ ದೇವಿಯರ ಪೈಕಿ ಶ್ರೀದೇವಿ ಯಾರು, ಭೂದೇವಿ ಯಾರು ಎಂದು ತಿಳಿಯಲು ಬಲ್ಲವರು ನೋಡುವ ಒಂದು ಗುರುತಿದೆ. ಶ್ರೀದೇವಿಯ ಎದೆಗೆ ಕುಚಬಂಧವೆಂಬ ಕಿರಿದಾದ ಪಟ್ಟಿ ಇರುತ್ತದೆ, ಭೂದೇವಿಗೆ ಇರುವುದಿಲ್ಲ. ಅಜಂತೆಯ ಒಂದನೆಯ ಗುಹೆಯಲ್ಲಿ ಮಹಾಜನಕ ಜಾತಕದ ಚಿತ್ರವಿದೆ. ಅದರಲ್ಲಿ ಕುಣಿಯುವ ಹೆಂಗಸು ಉದ್ದ ತೋಳಿನ, ಮೈಗೆ ಹೊಂದುವ ಹೊಲಿದ ರವಿಕೆ ತೊಟ್ಟಿದ್ದಾಳೆ. ಮೇಲ್ವಸ್ತ್ರವೇ ಇಲ್ಲದ ಹೆಂಗಸರೂ ಅದೇ ಅಜಂತೆಯಲ್ಲಿ ಬೇಕಾದಷ್ಟು ಇದ್ದಾರೆ. ಅಂದರೆ ಕಟ್ಟುವುದೂ ಇತ್ತು, ಕಟ್ಟದಿರುವುದೂ ಇತ್ತು.

ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ತವರಿನ ಕಡೆಯ ಖಣದ ಕುಪ್ಪಸವನ್ನೇ ನೆನಪಿಸಿಕೊಳ್ಳಿ. ಗುಳೇದಗುಡ್ಡದಲ್ಲಿ ನೇಯ್ದ ಖಣ ಮಹಾರಾಷ್ಟ್ರದ ಹೆಂಗಸರಿಗೂ ಅಷ್ಟೇ ಅಚ್ಚುಮೆಚ್ಚು, ನಿಮ್ಮ ಅತ್ತೆಯವರ ಪೆಟ್ಟಿಗೆಯಲ್ಲೂ ಒಂದೆರಡು ಇದ್ದಿರಬೇಕು. ಹಳೆಯ ಕುಪ್ಪಸಕ್ಕೆ ಮುಂದೆ ಗುಂಡಿಯಿರಲಿಲ್ಲ. ಎದೆಯ ಕೆಳಗೆ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕುತ್ತಿದ್ದರು. ಒಳಗೆ ಬೇರೆ ಬಾಡಿ ತೊಡುವ ಪದ್ಧತಿ ಇರಲಿಲ್ಲ, ಎತ್ತಿ ಹಿಡಿಯುವ ಕೆಲಸವನ್ನು ಆ ಗಂಟೇ ಮಾಡುತ್ತಿತ್ತು. ಮೈ ಬಂದರೆ ಗಂಟು ಸ್ವಲ್ಪ ಸಡಿಲ, ಇಳಿದರೆ ಸ್ವಲ್ಪ ಬಿಗಿ; ಹೊಸ ಅಳತೆಯ ಬಟ್ಟೆ ಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ. ಸೊಂಟಕ್ಕೆ ಡಾಬು ಇತ್ತು. ಅದು ಒಡವೆ ಹೌದು, ಸೀರೆ ಜಾರದಂತೆ ಹಿಡಿಯುವ ಪಟ್ಟಿಯೂ ಹೌದು. ಇನ್ನು ಬಾಣಂತಿಯ ಹೊಟ್ಟೆಗೆ ಹಳೆಯ ಹತ್ತಿ ಸೀರೆಯನ್ನು ಸುತ್ತಿ ಬಿಗಿದು ಕಟ್ಟುವುದನ್ನು ನೀವೇ ಮಾಡಿಸಿಕೊಂಡಿರಬಹುದು, ಸೊಸೆಗೂ ಮಾಡಿಸಿರಬಹುದು. ಹೊಟ್ಟೆ ಜೋಲಬಾರದು ಎಂದು ತಾನೆ ಅದನ್ನು ಕಟ್ಟುವುದು? ಆಕಾರಕ್ಕಾಗಿ ಬಟ್ಟೆ ಕಟ್ಟುವುದು ನಮಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆದರೂ ಒಂದು ವ್ಯತ್ಯಾಸವಿದೆ, ಅದನ್ನು ಬಿಡುವಂತಿಲ್ಲ. ನಮ್ಮ ಬಿಗಿತವೆಲ್ಲ ಗಂಟಿನದು: ತೊಟ್ಟವಳ ಕೈಯಲ್ಲೇ ಇರುವುದು, ಊಟವಾದ ಮೇಲೆ ಬೆರಳು ಹಾಕಿ ಸಡಿಲಿಸಬಹುದಾದದ್ದು. ಯುರೋಪು ಮಾಡಿದ್ದು ಬೇರೆ. ಅಲ್ಲಿ ಮೊದಲೇ ಒಂದು ಆಕಾರ ಹೊಲಿದಿಟ್ಟು ಅದರೊಳಗೆ ಮೈಯನ್ನು ಕೂರಿಸಿದರು. ಇಲ್ಲಿಂದ ಎರಡನೆಯ ಸಂದೇಹಕ್ಕೆ ಬರೋಣ.

ಹದಿನಾರನೆಯ ಶತಮಾನದಿಂದಲೇ ಅಲ್ಲಿ ಬಟ್ಟೆಯ ಪದರಗಳ ನಡುವೆ ಗಟ್ಟಿ ಕಡ್ಡಿಗಳನ್ನು ಸೇರಿಸಿ ಹೊಲಿದ ಒಳಕುಪ್ಪಸಗಳು ಬಂದವು. ಆ ಕಡ್ಡಿಗಳನ್ನು ತಿಮಿಂಗಿಲದ ಮೂಳೆ ಎಂದು ಕರೆಯುವ ರೂಢಿಯಿದೆ, ಆದರೆ ಅದು ಮೂಳೆಯೇ ಅಲ್ಲ. ಹಲ್ಲಿಲ್ಲದ ಜಾತಿಯ ತಿಮಿಂಗಿಲಗಳ ಬಾಯಲ್ಲಿ ನೀರು ಸೋಸಲು ಇರುವ ಪಟ್ಟಿಗಳವು, ನಮ್ಮ ಉಗುರು ಯಾವ ವಸ್ತುವಿನದೋ ಅದೇ ವಸ್ತುವಿನವು. ಮೈಯ ಬಿಸಿ ತಾಗಿದರೆ ಸ್ವಲ್ಪ ಬಾಗಿ, ತೊಟ್ಟವಳ ಮೈಗೆ ಹೊಂದಿಕೊಳ್ಳುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ಪಟ್ಟಿ ಬಂತು, ದಾರ ಪೋಣಿಸುವ ತೂತುಗಳಿಗೆ ಲೋಹದ ಬಳೆ ಬಂತು. ಬಟ್ಟೆ ಹರಿಯುವ ಭಯ ಹೋದದ್ದರಿಂದ ಎಷ್ಟು ಬೇಕಾದರೂ ಎಳೆದು ಬಿಗಿಯಬಹುದಾಯಿತು. ಸಿನಿಮಾದಲ್ಲಿ ನೀವು ನೋಡುವುದು ಈ ಕಾಲದ್ದನ್ನು.

ಸಿನಿಮಾ ತೋರಿಸುವುದಷ್ಟೇ ಪೂರ್ತಿ ನಿಜವಲ್ಲ. ಪಕ್ಕೆಲುಬು ತೆಗೆಸಿಕೊಂಡು ಸೊಂಟ ಸಣ್ಣ ಮಾಡಿಕೊಳ್ಳುತ್ತಿದ್ದರು ಎಂಬ ಕತೆಗೆ ಆಧಾರವಿಲ್ಲ. ಹಿಂದಿನ ದಾರದ ಎರಡು ಅಂಚುಗಳ ನಡುವೆ ಅಂತರ ಬಿಟ್ಟೇ ಬಹಳ ಜನ ಕಟ್ಟುತ್ತಿದ್ದರು. ಹಾಗಾಗಿ ವಸ್ತುಸಂಗ್ರಹಾಲಯದಲ್ಲಿರುವ ಕಾರ್ಸೆಟ್ಟಿನ ಅಳತೆಯನ್ನೇ ತೊಟ್ಟವಳ ಸೊಂಟದ ಅಳತೆ ಎಂದುಕೊಳ್ಳಬಾರದು. ಮುಖ್ಯವಾಗಿ, ತೊಟ್ಟವರೆಲ್ಲ ಅದನ್ನು ಹಿಂಸೆ ಎಂದೇ ತಿಳಿದಿರಲಿಲ್ಲ. ಚಿಕ್ಕಂದಿನಿಂದ ರೂಢಿಯಾದವರಿಗೆ ಅದು ಬೆನ್ನಿಗೆ ಆಸರೆ. ಭಾರವಾದ ಲಂಗಗಳ ದಾರ ಸೊಂಟವನ್ನು ಕೊಯ್ಯದಂತೆ ನಡುವೆ ಇರುವ ಗಟ್ಟಿ ಪದರವೂ ಹೌದು. ಮನೆಗೆಲಸದವರು, ಗಿರಣಿಯಲ್ಲಿ ದುಡಿಯುವವರು ಕೂಡ ತೊಡುತ್ತಿದ್ದರು. ಅದಿಲ್ಲದೆ ಹೊರಗೆ ಬಂದರೆ ಬೆನ್ನು ಕುಸಿದ ಹಾಗೆ ಅನ್ನಿಸುತ್ತಿತ್ತು. ಕಚ್ಚೆ ಬಿಗಿದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಾಗಲೇ ಕೆಲಸಕ್ಕೆ ಮೈ ಬಗ್ಗುವುದು ಎನ್ನುವ ನಮ್ಮ ಹಳ್ಳಿಯ ಹೆಂಗಸರಿಗೆ ಈ ಮಾತು ಅರ್ಥವಾಗುತ್ತದೆ. ಆರಾಮವೆಂದರೆ ಸಡಿಲ ಎಂಬ ತಿಳಿವಳಿಕೆ ನಮ್ಮ ಕಾಲದ್ದು. ಹಿಂದಿನವರು ಕೇಳುತ್ತಿದ್ದುದು ಇದು ನನ್ನನ್ನು ಹಿಡಿದು ನಿಲ್ಲಿಸುತ್ತದೆಯೇ ಎಂದು.

ವೈದ್ಯರು ಮಾತ್ರ ಮೊದಲಿನಿಂದ ಗೊಣಗುತ್ತಲೇ ಬಂದರು. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಸ್ಯೋಮರಿಂಗ್ 1788ರಲ್ಲೇ ಇದರ ಕೆಡುಕಿನ ಬಗ್ಗೆ ಬರೆದ. ಲಂಡನ್ನಿನಲ್ಲಿ 1881ರಲ್ಲಿ ಉಡುಪು ಸುಧಾರಣೆಗೆಂದೇ ರ್‍ಯಾಷನಲ್ ಡ್ರೆಸ್ ಸೊಸೈಟಿ ಹುಟ್ಟಿತು. ಹೆಂಗಸಿನ ಒಳಉಡುಪುಗಳ ಒಟ್ಟು ತೂಕ ಏಳು ಪೌಂಡು ಮೀರಬಾರದು ಎಂಬುದು ಆ ಸಂಘದ ನಿಲುವು. ಏಳು ಪೌಂಡು ಎಂದರೆ ಮೂರು ಕಿಲೋಗಿಂತ ಹೆಚ್ಚು. ಸುಧಾರಕರ ಮಿತಿಯೇ ಅಷ್ಟಿದ್ದರೆ ಉಳಿದವರು ಎಷ್ಟು ಹೊರುತ್ತಿದ್ದರೋ ನೀವೇ ಊಹಿಸಿ. 1908ರಲ್ಲಿ ಫ್ರಾನ್ಸಿನ ವೈದ್ಯ ಓಫಾಲೊವೆಲ್, ಆಗಿನ್ನೂ ಹೊಸದಾಗಿದ್ದ ಎಕ್ಸ್‌ರೇ ಬಳಸಿ ಕಾರ್ಸೆಟ್ಟಿನೊಳಗಿನ ಪಕ್ಕೆಲುಬುಗಳ ಚಿತ್ರಗಳನ್ನೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ.

ಇಲ್ಲೊಂದು ಸಣ್ಣ ಅಡ್ಡಮಾತು. ಇದೇ ಕಾಲದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಗಂಡಸರೂ ಹೊಟ್ಟೆಗೆ ಬಟ್ಟೆ ಬಿಗಿದುಕೊಳ್ಳುತ್ತಿದ್ದರು. ಹೊಟ್ಟೆಗೆ ಥಂಡಿ ತಾಗಿದರೆ ಕಾಲರಾ ಬರುತ್ತದೆಂದು ನಂಬಿ ಸೈನಿಕರಿಗೆ ಫ್ಲಾನೆಲ್ ಪಟ್ಟಿ ಕಟ್ಟಿಸುತ್ತಿದ್ದರು, ಅದರ ಹೆಸರೇ ಕಾಲರಾ ಬೆಲ್ಟ್. ನಿಮ್ಮ ಊರಿನ ಪಕ್ಕದ ಕಾಮ್ಠಿ 1821ರಿಂದ ದಂಡಿನ ಊರು. ಅಲ್ಲಿನ ಮೇ ತಿಂಗಳಲ್ಲಿ ಹೊಟ್ಟೆಗೆ ಉಣ್ಣೆ ಕಟ್ಟಿಕೊಂಡರೆ ಹೇಗಿರುತ್ತದೆ ಎಂಬುದನ್ನು ನಾಗಪುರದವರಿಗೆ ವಿವರಿಸಬೇಕಿಲ್ಲ. ಕಾಲರಾಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯಲ್ಲಿ ಖಚಿತಪಡಿಸಿಕೊಂಡ ಮೇಲೂ ಆ ಪಟ್ಟಿ ದಶಕಗಟ್ಟಲೆ ಉಳಿಯಿತು.

ಮುಂದಿನ ಕತೆ ಬೇಗ ಸಾಗುತ್ತದೆ. ಪ್ಯಾರಿಸ್ಸಿನ ವಿನ್ಯಾಸಕಾರ ಪಾಲ್ ಪ್ವಾರೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಾರ್ಸೆಟ್ ಬೇಡದ ಉಡುಪು ಮಾಡಿದ. ಆದರೆ ಕೆಲವೇ ವರ್ಷಗಳಲ್ಲಿ ಹೆಜ್ಜೆ ಎತ್ತಿಡಲಾಗದಷ್ಟು ಕಿರಿದಾದ ಲಂಗವನ್ನೂ ಅವನೇ ತಂದ. ಸೊಂಟ ಬಿಟ್ಟ ಬಿಗಿತ ಕಾಲಿಗೆ ಬಂತು. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್, ಎರಡು ಕರವಸ್ತ್ರ ಮತ್ತು ರಿಬ್ಬನ್ ಸೇರಿಸಿ ಮಾಡಿದ್ದ ಬ್ರಾಗೆ ಪೇಟೆಂಟ್ ಪಡೆದಳು. 1930ರ ದಶಕದಲ್ಲಿ ರಬ್ಬರ್ ಎಳೆಗೆ ನೂಲು ಸುತ್ತಿದ ಲಾಸ್ಟೆಕ್ಸ್ ಬಂದು ಗರ್ಡಲ್ ಎಂಬ ಹಿಗ್ಗುವ ಸೊಂಟಪಟ್ಟಿ ಹರಡಿತು. 1940ರಲ್ಲಿ ಪ್ಲೇಟೆಕ್ಸ್‌ನವರು ಪೂರ್ತಿ ರಬ್ಬರಿನ ಗರ್ಡಲ್ ಮಾರತೊಡಗಿದರು. ಬೆವರಿಗೆ ಅಂಟಿಕೊಳ್ಳುವ ಅದನ್ನು ತೊಡಲು ಪೌಡರ್ ಬಳಿದುಕೊಳ್ಳಬೇಕಿತ್ತು. 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ಸಣ್ಣ ಸೊಂಟವನ್ನು ಮತ್ತೆ ಫ್ಯಾಷನ್ ಮಾಡಿದ.

ನಿಮ್ಮ ಸೊಸೆಯ ಉಡುಪಿನ ನಿಜವಾದ ಹುಟ್ಟು 1958ರದು. ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್, ಗರ್ಡಲ್‌ಗಳಲ್ಲಿ ರಬ್ಬರಿನ ಬದಲಿಗೆ ಬಳಸುವ ಎಳೆಗಾಗಿ ಹುಡುಕುತ್ತಿದ್ದ. ಆಗ ಸಿಕ್ಕಿದ್ದು ಸ್ಪ್ಯಾಂಡೆಕ್ಸ್, ಅಂಗಡಿಯವರ ಬಾಯಲ್ಲಿ ಲೈಕ್ರಾ. ತನ್ನ ಉದ್ದದ ಐದು ಪಟ್ಟಿಗೂ ಹೆಚ್ಚು ಹಿಗ್ಗಿ ಮತ್ತೆ ಮೊದಲಿನಂತಾಗುವ ಎಳೆ ಅದು. ರಬ್ಬರಿಗಿಂತ ತೆಳುವು, ಬೆವರಿಗೆ ಬೇಗ ಹಾಳಾಗುವುದಿಲ್ಲ. ತಮಾಷೆಯೆಂದರೆ, ಎಳೆ ಪೇಟೆಗೆ ಬಂದ ಕೆಲವೇ ವರ್ಷಗಳಲ್ಲಿ ಗರ್ಡಲ್ಲನ್ನೇ ಹೆಂಗಸರು ಬಿಡತೊಡಗಿದರು. 1968ರಲ್ಲಿ ಅಟ್ಲಾಂಟಿಕ್ ಸಿಟಿಯ ಮಿಸ್ ಅಮೆರಿಕ ಸ್ಪರ್ಧೆಯ ಎದುರು ಪ್ರತಿಭಟಿಸಿದವರು ಬ್ರಾ, ಗರ್ಡಲ್‌ಗಳನ್ನು ಕಸದ ಡಬ್ಬಿಗೆ ಹಾಕಿದರು. ಸುಟ್ಟರು ಎಂದು ಹೇಳುವುದು ತಪ್ಪು, ಅಂದು ಯಾವುದಕ್ಕೂ ಬೆಂಕಿ ಬೀಳಲಿಲ್ಲ. ಲೈಕ್ರಾ ಈಜುಡುಗೆಗೆ, ವ್ಯಾಯಾಮದ ಬಟ್ಟೆಗೆ, ಕೊನೆಗೆ ನಮ್ಮ ಲೆಗ್ಗಿಂಗ್ಸ್‌ಗೆ ಹೋಯಿತು. 2000ದಲ್ಲಿ ಸಾರಾ ಬ್ಲೇಕ್ಲಿ ಅಟ್ಲಾಂಟಾದಲ್ಲಿ ಸ್ಪ್ಯಾಂಕ್ಸ್ ಕಂಪನಿ ಆರಂಭಿಸಿದ ಮೇಲೆ ಮೈ ಹಿಡಿಯುವ ಒಳಉಡುಪು ಶೇಪ್‌ವೇರ್ ಎಂಬ ಹೊಸ ಹೆಸರಿನಲ್ಲಿ ಮರಳಿತು. ನಮ್ಮಲ್ಲಿ ಒಳಉಡುಪನ್ನು ಮೊಬೈಲಿನಲ್ಲೇ ಆರಿಸಿ ಮನೆಗೆ ತರಿಸಿಕೊಳ್ಳುವುದು ಬಂದ ಮೇಲೆ ಇದು ಹರಡಿತು. 2011ರಲ್ಲಿ ಬೆಂಗಳೂರಿನಲ್ಲಿ ರಿಚಾ ಕರ್ ಶುರು ಮಾಡಿದ ಜಿವಾಮೆ ಈ ಬಗೆಯ ಮೊದಮೊದಲಿನವುಗಳಲ್ಲಿ ಒಂದು. ಅಂಗಡಿಯ ಗಂಡಸಿನ ಎದುರು ಅಳತೆ ಹೇಳಬೇಕಾದ ಮುಜುಗರ ತಪ್ಪಿದ್ದೂ ಒಂದು ಆರಾಮವೇ ಎಂದು ನಿಮ್ಮ ಸೊಸೆ ಹೇಳಬಹುದು, ಆ ಮಾತಿನಲ್ಲಿ ಹುರುಳಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು, ಏಕೆಂದರೆ ಇದು ಎಲ್ಲರಿಗೂ ಆಗುವಂಥದ್ದು. ಶೇಪ್‌ವೇರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನು ಮಾರಾಟವಾಗುತ್ತಿವೆ. ಸೀರೆಯ ಕೆಳಗೆ ತೊಡುವುದು ಬಹುಪಾಲು ಹಿಗ್ಗುವ ಬಟ್ಟೆಯ ಕಿರಿದಾದ ಲಂಗ. ಸೊಂಟಕ್ಕೆ ಅಗಲ ಎಲಾಸ್ಟಿಕ್, ನಡೆಯಲು ಪಕ್ಕದಲ್ಲಿ ಸೀಳು. ಅದರ ಹಿಡಿತ ಹಗುರ. ನೆರಿಗೆ ಉಬ್ಬದೆ ಸೀರೆ ನೀಟಾಗಿ ಕೂರಲಿ ಎಂಬುದಷ್ಟೇ ಅದರ ಉದ್ದೇಶ. ಇನ್ನೊಂದು ಸೊಂಟವನ್ನೇ ಸಣ್ಣ ಮಾಡುತ್ತದೆ ಎಂದು ಹೇಳಿಕೊಂಡು ಮಾರುವ ಪಟ್ಟಿ: ದಪ್ಪ ರಬ್ಬರಿನದು, ಕೆಲವಕ್ಕೆ ಒಳಗೆ ಕಡ್ಡಿ, ಮುಂದೆ ಸಾಲು ಕೊಕ್ಕೆ. ಹಳೆಯ ಕಾರ್ಸೆಟ್ಟಿನ ನೇರ ವಂಶದ್ದು ಈ ಎರಡನೆಯದು. ಮೊದಲನೆಯದು ನಿಮ್ಮ ಲಂಗಕ್ಕೇ ಹತ್ತಿರದ ನೆಂಟ. ಎರಡರಲ್ಲಿ ಯಾವುದೂ ಕೊಬ್ಬು ಕರಗಿಸುವುದಿಲ್ಲ, ತೊಟ್ಟಷ್ಟು ಹೊತ್ತು ಅದನ್ನು ಅತ್ತಿತ್ತ ಸರಿಸಿ ಹಿಡಿಯುತ್ತದೆ, ಅಷ್ಟೇ. ಕೆಫೀನ್ ಸೇರಿಸಿದ ಶೇಪ್‌ವೇರ್ ತೊಟ್ಟರೆ ಮೈ ಇಳಿಯುತ್ತದೆ ಎಂದು ಪ್ರಚಾರ ಮಾಡಿದ ಎರಡು ಕಂಪನಿಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಕ್ರಮ ಕೈಗೊಂಡು ಗ್ರಾಹಕರಿಗೆ ಹಣ ವಾಪಸ್ ಕೊಡಿಸಿತು. ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆಗೂ ಈ ಮಾತು ಸಲ್ಲುತ್ತದೆ. ಗರ್ಭಕೋಶ ಸುಮಾರು ಆರು ವಾರಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಪಟ್ಟಿ ಕೊಡುವುದು ಎದ್ದು ಓಡಾಡುವಾಗಿನ ಆಸರೆಯನ್ನು. ಸಿಸೇರಿಯನ್ ಆದವರಿಗೆ ಅದು ನೋವಿನಲ್ಲಿ ನೆರವಾಗುತ್ತದೆಂದೇ ಆಸ್ಪತ್ರೆಯವರೂ ಬೆಲ್ಟ್ ಕೊಡುತ್ತಾರೆ.

ಈಗ ನಿಮ್ಮ ಲಂಗದ ವಿಷಯ. ಅದೇನೂ ಅನಾದಿಯಿಂದ ಬಂದದ್ದಲ್ಲ ಎಂಬುದು ನಿಮಗೆ ಗೊತ್ತು, ನಿಮ್ಮ ಅತ್ತೆಯವರಿಗೇ ಅದರ ಗೊಡವೆ ಇರಲಿಲ್ಲ. ಒಂಬತ್ತು ಗಜದ ಸೀರೆಯನ್ನು, ನಿಮ್ಮ ವಿದರ್ಭದಲ್ಲಿ ಲುಗಡೆ ಎನ್ನುವುದನ್ನು, ಸೊಂಟಕ್ಕೆ ಸುತ್ತಿ ಗಂಟು ಹಾಕಿ ಕಚ್ಚೆ ಸಿಕ್ಕಿಸಿದರೆ ಮುಗಿಯಿತು. ಒಳಗೆ ಇನ್ನೊಂದು ಬಟ್ಟೆ ಬೇಕಿಲ್ಲ. ಲಂಗ, ರವಿಕೆಯೊಂದಿಗೆ ಮುಂದೆ ನೆರಿಗೆ ಹಿಡಿದು ಉಡುವ ರೀತಿ ಪಟ್ಟಣದ ಓದಿದ ಮನೆಗಳಲ್ಲಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದರಲ್ಲಿ ಜ್ಞಾನದಾನಂದಿನಿ ದೇವಿಯವರ ಹೆಸರು ದೊಡ್ಡದು. ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರ ಪತ್ನಿ ಅವರು. 1860ರ ದಶಕದಲ್ಲಿ ಪತಿಯ ನೌಕರಿಯ ಕಾರಣ ಮುಂಬಯಿ ಕಡೆಗೆ ಬಂದಾಗ ಪಾರ್ಸಿ ಹೆಂಗಸರು ಸೀರೆ ಉಡುವ ಬಗೆಯನ್ನು ನೋಡಿ, ತಮ್ಮದಾಗಿ ಮಾರ್ಪಡಿಸಿಕೊಂಡು, ಕಲ್ಕತ್ತೆಯಲ್ಲಿ ಇತರರಿಗೂ ಕಲಿಸಿದರು. ಶಾಲೆಗೆ, ಸಭೆಗೆ, ಆಮೇಲೆ ಕಚೇರಿಗೆ ಹೋಗುವ ಹೆಂಗಸರಿಗೆ ಈ ಉಡಿಗೆ ಒಪ್ಪಿತು. ಅದರ ಜೊತೆಗೆ ಸದ್ದಿಲ್ಲದೆ ಬಂದದ್ದು ಲಂಗದ ಲಾಡಿ.

ಆ ಲಾಡಿ ಮಾಡುವ ಕೆಲಸವನ್ನು ಸ್ವಲ್ಪ ಯೋಚಿಸಿ ನೋಡಿ. ಆರು ಗಜದ ಸೀರೆಗೆ ತನ್ನದೇ ಗಂಟಿಲ್ಲ, ನೆರಿಗೆಯನ್ನೆಲ್ಲ ಲಂಗದೊಳಕ್ಕೆ ಸಿಕ್ಕಿಸುವುದು. ಹಾಗಾಗಿ ಇಡೀ ಸೀರೆಯ ಭಾರ ಆ ಒಂದು ದಾರದ ಮೇಲೆ ಬೀಳುತ್ತದೆ, ಜಾರಬಾರದೆಂದು ನಾವು ಅದನ್ನು ಎಳೆದು ಬಿಗಿಯುತ್ತೇವೆ. ಒತ್ತಡವೆಂದರೆ ಬಲವನ್ನು ಅದು ಬೀಳುವ ಜಾಗದಿಂದ ಭಾಗಿಸಿದ್ದು ಎಂದು ಶಾಲೆಯಲ್ಲಿ ಓದಿದ್ದೇವೆ. ಸಂತೆಯ ಚೀಲವನ್ನು ತೆಳು ದಾರದಲ್ಲಿ ಹಿಡಿದರೆ ಬೆರಳು ಕೆಂಪಾಗುತ್ತದೆ, ಅದೇ ಚೀಲಕ್ಕೆ ಅಗಲ ಹಿಡಿಕೆಯಿದ್ದರೆ ಏನೂ ಆಗುವುದಿಲ್ಲ. ಅರ್ಧ ಸೆಂಟಿಮೀಟರ್ ಲಾಡಿಯನ್ನೂ ಐದು ಸೆಂಟಿಮೀಟರ್ ಪಟ್ಟಿಯನ್ನೂ ಒಂದೇ ಬಲದಿಂದ ಬಿಗಿದರೆ, ಲಾಡಿಯ ಕೆಳಗಿನ ಚರ್ಮಕ್ಕೆ ಹತ್ತು ಪಟ್ಟು ಒತ್ತಡ. ಅದೂ ಪ್ರತಿದಿನ, ಅದೇ ಗೆರೆಯ ಮೇಲೆ, ನಲವತ್ತು ಐವತ್ತು ವರ್ಷ.

ವರ್ಧಾದ ಸಂಗತಿ ಇಲ್ಲಿಗೆ ಬರುತ್ತದೆ. ನಿಮ್ಮಲ್ಲಿಂದ ಸುಮಾರು 75 ಕಿಲೋಮೀಟರ್ ದೂರದ ವರ್ಧಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಮತ್ತು ಬಿಹಾರದ ಮಧುಬನಿ ವೈದ್ಯಕೀಯ ಕಾಲೇಜಿನ ವೈದ್ಯರು 2024ರ ನವೆಂಬರಿನಲ್ಲಿ ಬ್ರಿಟನ್ನಿನ ಬಿ.ಎಂ.ಜೆ. ಕೇಸ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಇಬ್ಬರು ಹೆಂಗಸರ ವಿಷಯ ಬರೆದರು. ಒಬ್ಬರಿಗೆ 70 ವರ್ಷ. ಸೊಂಟದ ಬಲಗಡೆ ಲಾಡಿ ಕೂರುವ ಜಾಗದಲ್ಲಿ ಹದಿನೆಂಟು ತಿಂಗಳಿಂದ ಮಾಯದ ಹುಣ್ಣು, ಸುತ್ತಲಿನ ಚರ್ಮ ಬಣ್ಣಗೆಟ್ಟಿತ್ತು. ಇನ್ನೊಬ್ಬರು ಅರವತ್ತರ ಕೊನೆಯಲ್ಲಿದ್ದವರು, ಅವರಿಗೆ ಎರಡು ವರ್ಷದಿಂದ ಅಂಥದ್ದೇ ಹುಣ್ಣು. ಪರೀಕ್ಷಿಸಿದಾಗ ಇಬ್ಬರದೂ ಚರ್ಮದ ಕ್ಯಾನ್ಸರ್. ಹಳೆಯ ಗಾಯ, ಕಲೆಗಳ ಮೇಲೆ ಹುಟ್ಟುವ, ಮಾರ್ಜೊಲಿನ್ ಹುಣ್ಣು ಎನ್ನುವ ಬಗೆ. ಎರಡನೆಯವರಲ್ಲಿ ಅದು ತೊಡೆಸಂದಿನ ಗ್ರಂಥಿಗೂ ಹರಡಿತ್ತು.

ಗಮನಿಸಬೇಕಾದ ಅಂಶವೊಂದಿದೆ. ಮೊದಲನೆಯವರು ಲಂಗದ ಮೇಲೆ ಸೀರೆ ಉಡುವವರು. ಎರಡನೆಯವರು ಲಂಗವನ್ನೇ ಹಾಕುತ್ತಿರಲಿಲ್ಲ, ನಲವತ್ತು ವರ್ಷ ಲುಗಡೆಯನ್ನೇ ಸೊಂಟಕ್ಕೆ ಬಿಗಿದು ಉಟ್ಟವರು. ಹಾಗಾಗಿ ತಪ್ಪನ್ನು ಲಂಗದ ಮೇಲೆ ಮಾತ್ರ ಹೊರಿಸಿ, ಹಳೆಯದೇ ಒಳ್ಳೆಯದಿತ್ತು ಎನ್ನುವ ದಾರಿಯೂ ಇಲ್ಲ. ವೈದ್ಯರಿಗೂ ಇದು ತೀರಾ ಹೊಸದಾಗಿರಲಿಲ್ಲ. ಮುಂಬಯಿಯ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಧೋತರ ಬಿಗಿದುಕೊಳ್ಳುವವರ ಸೊಂಟದಲ್ಲಿ ಕಾಣುವ ಕ್ಯಾನ್ಸರಿನ ಬಗ್ಗೆ ಬರೆದಿದ್ದರು. ಬೆವರು, ಧೂಳು, ಉಜ್ಜಾಟ ಸೇರಿ ಮೊದಲು ತುರಿಕೆ, ಆಮೇಲೆ ಕಪ್ಪು ಅಥವಾ ಬಿಳಿ ಕಲೆ, ಸಿಪ್ಪೆ ಏಳುವುದು, ಬಿರುಕು. ಅದು ಮಾಯುವಷ್ಟರಲ್ಲಿ ಮತ್ತೆ ಅದೇ ಜಾಗದಲ್ಲಿ ಬಿಗಿತ. ಗಾಬರಿಯಾಗಬೇಡಿ, ಇದು ಅಪರೂಪದ ಕಾಯಿಲೆ. ಕಲೆ, ತುರಿಕೆಗಳು ಮಾತ್ರ ಅಪರೂಪವಲ್ಲ, ನಮ್ಮ ಮನೆಮನೆಯಲ್ಲಿವೆ. ಕಾರ್ಸೆಟ್ಟನ್ನು ಬೈದು ಪುಸ್ತಕಗಳ ರಾಶಿಯೇ ಬಂತು, ಈ ಲಾಡಿಯನ್ನು ಅನುಮಾನಿಸಿದವರು ಕಡಿಮೆ. ಸೊಸೆಯ ಲೈಕ್ರಾ ನೋಡಿ ನಿಮಗೆ ಉಸಿರು ಕಟ್ಟುತ್ತದೆ, ನಿಮ್ಮ ಸೊಂಟದ ಗೆರೆ ನೋಡಿ ಅವಳಿಗೆ ಏನನ್ನಿಸುತ್ತದೋ ಕೇಳಿ ನೋಡಿ.

ಇನ್ನು ಮೂರನೆಯ ಸಂದೇಹ, ನಾಗಪುರದ ಬಿಸಿಲು. ಒತ್ತಡದ ಲೆಕ್ಕದಲ್ಲಿ ಸೊಸೆಯ ಅಗಲ ಪಟ್ಟಿ ನಿಮ್ಮ ಲಾಡಿಗಿಂತ ಮೇಲು. ಬೆವರಿನ ಲೆಕ್ಕದಲ್ಲಿ ಗೆಲ್ಲುವುದು ನೀವು. ಹತ್ತಿ ತನ್ನ ತೂಕದ ನೂರಕ್ಕೆ ಸುಮಾರು ಎಂಟರಷ್ಟು ತೇವವನ್ನು ಗಾಳಿಯಿಂದಲೇ ಹೀರಿಟ್ಟುಕೊಳ್ಳುತ್ತದೆ. ನೈಲಾನ್ ನಾಲ್ಕರಷ್ಟು, ಸ್ಪ್ಯಾಂಡೆಕ್ಸ್ ಒಂದರಷ್ಟು, ಪಾಲಿಯೆಸ್ಟರ್ ಅರ್ಧಕ್ಕಿಂತಲೂ ಕಡಿಮೆ. 45 ಡಿಗ್ರಿಯ ಮಧ್ಯಾಹ್ನ ಹೊರಗೆ ಓಡಾಡುವಾಗ ಮೈಗೆ ಅಂಟಿದ ನೈಲಾನ್ ಬಟ್ಟೆಯೊಳಗೆ ಬೆವರು ಆರುವುದಿಲ್ಲ. ಬೆವರುಸಾಲೆ, ತೊಡೆಸಂದಿನಲ್ಲಿ ಹುಳಕಡ್ಡಿಯಂಥ ಶಿಲೀಂಧ್ರದ ತೊಂದರೆ ಬರುವುದು ಆಗಲೇ. ಬಹಳ ಬಿಗಿಯಾದದ್ದು ತೊಟ್ಟರೆ ಹೊಟ್ಟೆ ಒತ್ತಿ ಹುಳಿತೇಗು ಬರಬಹುದು. ತೊಡೆಯ ಹೊರಭಾಗದ ನರ ಒತ್ತಿ ಅಲ್ಲಿ ಜುಮುಗುಟ್ಟಬಹುದು, ಮರಗಟ್ಟಬಹುದು. ಮೇಲಂಚು ಸುರುಳಿ ಸುತ್ತಿಕೊಂಡರಂತೂ ಅಗಲ ಪಟ್ಟಿಯ ಲಾಭವೆಲ್ಲ ಹೋಗಿ ಅದೂ ಒಂದು ಲಾಡಿಯೇ ಆಗುತ್ತದೆ.

ಸೊಸೆಗೆ ಹೇಳಬಹುದಾದದ್ದು ಇಷ್ಟು. ಹತ್ತಿ ಹೆಚ್ಚಿರುವ ಬಟ್ಟೆ ಆರಿಸಲಿ. ತನ್ನ ಅಳತೆಯದನ್ನೇ ಕೊಳ್ಳಲಿ, ತೆಳ್ಳಗೆ ಕಾಣುವ ಆಸೆಗೆ ಒಂದು ಅಳತೆ ಚಿಕ್ಕದು ಬೇಡ. ಕೂತಾಗ ನಿರಾಯಾಸವಾಗಿ ಪೂರ್ತಿ ಉಸಿರು ಎಳೆಯಲು ಆಗುತ್ತದೆಯೇ ಎಂದು ಕೊಳ್ಳುವಾಗಲೇ ನೋಡಲಿ. ಮದುವೆಗೆ, ಕಚೇರಿಗೆ ತೊಟ್ಟದ್ದನ್ನು ಮನೆಗೆ ಬಂದೊಡನೆ ತೆಗೆಯಲಿ, ಮಲಗುವಾಗ ಬೇಡವೇ ಬೇಡ. ಬಸುರಿಯಾಗಿದ್ದರೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರನ್ನು ಕೇಳಿಯೇ ತೊಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಅವಳಿಗೂ ಸಡಿಲ ಹತ್ತಿ ಲಂಗವೇ ಹಿತ ಎಂದು ನನ್ನ ಅಭಿಪ್ರಾಯ. ಅವಳು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಮೈ ಅವಳದು.

ನಿಮಗೂ ಒಂದು ಸಲಹೆ. ಮುಂದಿನ ಸಲ ಲಂಗ ಹೊಲಿಸುವಾಗ ಸೊಂಟಕ್ಕೆ ಎರಡು ಇಂಚಿನ ಪಟ್ಟಿ ಇಟ್ಟು ಪಕ್ಕದಲ್ಲಿ ಕೊಕ್ಕೆ ಹಾಕಲು ದರ್ಜಿಗೆ ಹೇಳಿ. ಲಾಡಿಯೇ ಬೇಕೆಂದರೆ ದುಂಡನೆಯ ದಾರ ಬಿಟ್ಟು ಅಗಲ ನಾಡಾ ಪೋಣಿಸಿ, ಕಟ್ಟುವ ಜಾಗವನ್ನು ಒಂದು ದಿನ ಮೇಲೆ ಒಂದು ದಿನ ಕೆಳಗೆ ಮಾಡಿ, ಮನೆಯಲ್ಲಿದ್ದಾಗ ಸಡಿಲಿಸಿಬಿಡಿ. ರಾತ್ರಿ ಬಿಚ್ಚಿದ ಮೇಲೆ ಸೊಂಟದ ಸುತ್ತಲಿನ ಚರ್ಮವನ್ನು ಬೆಳಕಿನಲ್ಲಿ ಒಮ್ಮೆ ನೋಡಿಕೊಳ್ಳಿ. ಬೆನ್ನಿನ ಕಡೆಯದು ನಿಮಗೆ ಕಾಣುವುದಿಲ್ಲ, ಸೊಸೆಯನ್ನೇ ಕರೆದು ತೋರಿಸಿ. ಬಣ್ಣ ಮಾಸಿದ್ದರೆ, ತುರಿಕೆಯಿದ್ದರೆ ಬಿಗಿತ ಕಡಿಮೆ ಮಾಡಿ. ವಾರಗಟ್ಟಲೆ ಮಾಯದ ಗಾಯವೇನಾದರೂ ಕಂಡರೆ ಮನೆಯಲ್ಲೇ ಮುಲಾಮು ಹಚ್ಚುತ್ತ ಕೂರದೆ ಚರ್ಮರೋಗ ತಜ್ಞರಿಗೆ ತೋರಿಸಿ.